ರುಕ್ಮಿಣಿಬಾಯಿಯ ಹಿತ್ತಲು ಪಾಸಾದದ್ದು

ಧಪ್.

ಹಿತ್ತಲಿನಿಂದ ಎದ್ದ ಸದ್ದಿಗೆ ಖಾನಾವಳಿಯ ತಾಟು ಲೋಟಗಳೆಲ್ಲ ಒಮ್ಮೆ ಮೈ ನಡುಗಿಸಿ ಸುಮ್ಮನಾದವು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ರುಕ್ಮಿಣಿಬಾಯಿಯ ಕೈ ತಾಳ ತಪ್ಪಿತು. ಜೋಳದ ರೊಟ್ಟಿಗೆ ಅದರದೇ ಒಂದು ಲಯವುಂಟು. ಅದನ್ನು ಕಲಿಯುವುದು ಕೈ, ತಲೆಯಲ್ಲ. ಆ ಲಯದ ನಡುವೆ ಇನ್ನೊಬ್ಬರು ಬಂದು ತಾಳ ಹಾಕಿದರೆ ರೊಟ್ಟಿಯ ಅಂಚು ಸೀಳುತ್ತದೆ. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರುಕ್ಮಿಣಿಬಾಯಿಯ ರೊಟ್ಟಿಯೆಂದರೆ ಹುಣ್ಣಿಮೆಯ ಚಂದ್ರ ಎಂದು ಹೊಗಳುತ್ತಿದ್ದವರ ತಾಟಿಗೆ ಈವತ್ತು ಬಿದ್ದದ್ದೆಲ್ಲ ಇಲಿ ಕಡಿದ ಚಂದ್ರರು.

ಧಪ್. "ಸಾತ್," ಎಂದು ಪೆಟ್ಟು ಎಣಿಸಿತು ಹಿತ್ತಲಿನ ಗಂಡುದನಿ. ಧಪ್. "ಆಠ್."

ಊಟಕ್ಕೆ ಕೂತವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ನೀರು ಬಿತ್ತೇ? ಈ ಸೀಮೆಯ ಜನಕ್ಕೆ ಕಬ್ಬಿಣದ ಪೈಪು ನೆಲಕ್ಕೆ ಇಳಿಯಿತೆಂದರೆ ನೀರಲ್ಲದೆ ಬೇರೆ ಯಾವ ಕಾರಣವೂ ಹೊಳೆಯುವುದಿಲ್ಲ. ಇದು ಬೋರು ಅಲ್ಲ, ಮಣ್ಣಿನ ಪರೀಕ್ಷೆ, ಖಾನಾವಳಿಯ ಹಿಂದೆ ಹೊಸ ಕಟ್ಟಡ ಏಳುವುದಿದೆ, ನೆಲ ಎಷ್ಟು ಭಾರ ಹೊರುತ್ತದೆಂದು ನೋಡುತ್ತಿದ್ದಾರೆ ಎಂದು ರುಕ್ಮಿಣಿಬಾಯಿ ಮೊದಲ ಪಂಕ್ತಿಯವರಿಗೆ ಪೂರ್ತಿ ವಿವರಿಸಿದಳು. ಎರಡನೆಯ ಪಂಕ್ತಿಯವರಿಗೆ ಅರ್ಧ ವಿವರಿಸಿದಳು. ಮೂರನೆಯವರು ಕೇಳಿದಾಗ, "ಇನ್ನಾ ಇಲ್ರಿ, ಬೀಳ್ತದ," ಎಂದು ಹೇಳಿ ಸಾರು ಬಡಿಸಿದಳು.

ಆದರೆ ಅವಳ ಜೀವವೆಲ್ಲ ಕಿವಿಯಾಗಿ ಹಿತ್ತಲಿನಲ್ಲಿ ಕೂತಿತ್ತು. ಪ್ರತಿ ಪೆಟ್ಟೂ ಅವಳಿಗೆ ಎರಡು ಸಲ ಬೀಳುತ್ತಿತ್ತು, ಒಮ್ಮೆ ನೆಲಕ್ಕೆ, ಒಮ್ಮೆ ಎದೆಗೆ.

ರುಕ್ಮಿಣಿಬಾಯಿ ಮೋರಖಂಡಿ ಹಳ್ಳಿಯ ಮಗಳು. ಹುಡುಗಿಯಾಗಿದ್ದಾಗ ತಾಯಿಯ ಕಣ್ಣು ತೋರಿಸಲು ಬಸವಕಲ್ಯಾಣಕ್ಕೆ ಬಂದ ಒಂದು ದಿನ ಅವಳ ನೆನಪಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಹೊಟ್ಟೆ ಹಸಿದಿತ್ತು, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಇತ್ತು, ಕೂತು ಉಣ್ಣಲು ಜಾಗ ಮಾತ್ರ ಇರಲಿಲ್ಲ. ಹೋಟೆಲಿನ ತುಂಬ ಗಂಡಸರು. ಕೊನೆಗೆ ತಾಯಿ ಮಗಳು ಬಸ್‌ಸ್ಟ್ಯಾಂಡಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತು, ಸುಣ್ಣ ಉದುರಿದ ಗೋಡೆಯನ್ನೇ ನೋಡುತ್ತ ಉಂಡರು. ಮುಂದೆ ಅದೇ ಊರಿಗೆ ಸೊಸೆಯಾಗಿ ಬಂದಳು, ಖಾನಾವಳಿ ತೆರೆದಳು, ಅವಳ ಶೇಂಗಾ ಹಿಂಡಿಗೆ, ಆ ಖಾರದ ಚಟ್ನಿಪುಡಿಗೆ, ಹೆಸರು ಬಂತು. ಗಂಡಸರು ಮಾತ್ರ ಹಾಗೆಯೇ ತುಂಬಿಕೊಂಡರು. ಗೋರ್ಟಾದಿಂದಲೋ ಮೋರಖಂಡಿಯಿಂದಲೋ ಕಚೇರಿಯ ಕೆಲಸಕ್ಕೆ ಬಂದ ಹೆಂಗಸರು ಬಾಗಿಲಲ್ಲಿ ಇಣುಕಿ, ಒಳಗಿನ ಮೀಸೆಗಳನ್ನು ನೋಡಿ, ಬಾಳೆಹಣ್ಣು ಕೊಂಡು ತಿಂದು ಬಸ್ಸು ಹತ್ತುತ್ತಿದ್ದರು. ಕಣ್ಣಿಗೆ ಬಿದ್ದವರನ್ನು ಅವಳು ಅಡಿಗೆಮನೆಗೆ ಎಳೆದು ತಂದು ಹಿಟ್ಟಿನ ಡಬ್ಬಿಯ ಪಕ್ಕ ಕೂರಿಸುತ್ತಿದ್ದಳು. ಅವರು ಕದ್ದು ತಿನ್ನುವವರಂತೆ ಗಬಗಬನೆ ಉಂಡು ಎದ್ದುಬಿಡುತ್ತಿದ್ದರು.

ಅವಳಿಗೆ ಬೇಕಾಗಿದ್ದದ್ದು ಒಂದು ಪಡಸಾಲೆ. ಹಿತ್ತಲಿನಲ್ಲಿ, ಹೆಂಗಸರಿಗೆಂದೇ, ಕಾಲು ಚಾಚಿ ಕೂತು, ಮಾತಾಡುತ್ತ, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಉಣ್ಣುವಂಥದ್ದು. ಅದರ ಮೇಲೆ ಕೊನೆಯ ಬಸ್ಸು ತಪ್ಪಿದವರಿಗೆ ಎರಡು ಖೋಲಿ. ಅದನ್ನು ಬಿಟ್ಟು ಅವಳು ದೇವರ ಹತ್ತಿರ ಬೇರೆ ಏನನ್ನೂ ಕೇಳುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು.

ಕಟ್ಟಡದ ಗುತ್ತೇದಾರ ಗುರುಲಿಂಗ ಒಂದೇ ಕಟ್ಟಳೆ ಹಾಕಿದ. ಮಾಳಿಗೆ ಏರಿಸುವುದಿದ್ದರೆ ನೆಲದ ಪರೀಕ್ಷೆ ಆಗಲೇಬೇಕು. ನೆಲ ಫೇಲಾದರೆ ತಾನು ಕರಣಿ ಮುಟ್ಟುವುದಿಲ್ಲ. ಅವನು ಅದನ್ನು ಎಲೆಯಡಿಕೆ ಜಗಿಯುತ್ತ, ನಗುತ್ತ ಹೇಳಿದ್ದ. ರುಕ್ಮಿಣಿಬಾಯಿಗೆ ನಗು ಕಾಣಲಿಲ್ಲ, 'ಫೇಲು' ಮಾತ್ರ ಕೇಳಿಸಿತು.

ಅಂದಿನಿಂದ ಅವಳು ಹಿತ್ತಲನ್ನು ಹೆಣ್ಣು ತೋರಿಸುವ ಮನೆಯವರಂತೆ ಸಿಂಗರಿಸತೊಡಗಿದಳು. ಕಸ ಬಳಿದಳು. ಮುರಿದ ಮಡಕೆಗಳನ್ನು ಆರಿಸಿ ಎಸೆದಳು. ಎಲ್ಲಿಂದಲೋ ನೆಲ ಬಡಿಯುವ ದುಮ್ಮಸು ಎರವಲು ತಂದು, ಗಂಡನ ಕೈಗೆ ಕೊಟ್ಟು, ನೆಲ ಮೆತ್ತಗಿದೆ ಎನಿಸಿದ ಕಡೆಯಲ್ಲೆಲ್ಲ ಬಡಿಸಿದಳು. ಪರೀಕ್ಷೆಯ ಪೈಪು ಆಳು ಮುಳುಗುವಷ್ಟು ಕೆಳಗೆ ಹೋಗುತ್ತದೆ, ಮೇಲಿನ ಗೇಣು ಮಣ್ಣನ್ನು ಬಡಿದರೆ ಏನೂ ಬದಲಾಗದು ಎಂಬುದು ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಡಿಸುತ್ತಿದ್ದಳೇನೋ. ಹುಡುಗಿ ಎಷ್ಟೇ ಜಾಣೆಯಾದರೂ ತಲೆ ಬಾಚದೆ ಹೊರಗೆ ಕಳಿಸುತ್ತಾರೆಯೇ?

ಹುಮನಾಬಾದಿನಿಂದ ಇಂಜಿನಿಯರು ರೂಪಾಲಿ ಬಂದದ್ದು ಹಿಂದಿನ ವಾರ. ಚುರುಕಿನ ಹೆಣ್ಣುಮಗಳು. ಟೇಪು ಹಿಡಿದು ಅಳೆದು, ಮೂರು ಕಡೆ ಸುಣ್ಣದ ಪುಡಿಯಿಂದ ಗೆರೆ ಎಳೆದು ದುಂಡು ಹಾಕಿ, ಈ ಮೂರು ಜಾಗದಲ್ಲಿ ನಮ್ಮವರು ಬಂದು ತೂತು ಕೊರೆದು ನೋಡುತ್ತಾರೆ ಎಂದು ಹೇಳಿ ಹೋದಳು. ಮೊದಲಿನ ಎರಡು ಗುರುತು ನೋಡಿ ರುಕ್ಮಿಣಿಬಾಯಿ ತಲೆಯಾಡಿಸಿದಳು. ಮೂರನೆಯದನ್ನು ನೋಡಿದಾಗ ಆಡುತ್ತಿದ್ದ ತಲೆ ಅರ್ಧಕ್ಕೇ ನಿಂತಿತು. ಅಷ್ಟು ದೊಡ್ಡ ಹಿತ್ತಲಿನಲ್ಲಿ ಆ ಹುಡುಗಿಗೆ ಬೇರೆ ಜಾಗ ಸಿಗಲಿಲ್ಲವೇ? ಗುರುತು ಬಿದ್ದದ್ದು ಸರಿಯಾಗಿ ಹಗೇವಿನ ಬಾಯಿಯ ಮೇಲೆ.

ಹಿಂದೆಲ್ಲ ಈ ಭಾಗದ ಮನೆಮನೆಯಲ್ಲೂ ಹಗೇವು ಇರುತ್ತಿತ್ತು. ನೆಲದೊಳಗೆ ಕೊಡದಂತೆ ತೋಡಿದ ಜೋಳದ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ, ಹೊಟ್ಟೆ ಮಾತ್ರ ಎತ್ತಿನಗಾಡಿಯನ್ನು ನುಂಗುವಷ್ಟು. ಹೊಸ ಸೊಸೆಯಾಗಿದ್ದಾಗ ರುಕ್ಮಿಣಿಬಾಯಿಯನ್ನೇ ಅದರೊಳಗೆ ಇಳಿಸುತ್ತಿದ್ದರು. ಮುಚ್ಚಳ ತೆಗೆದು ಕೆಟ್ಟ ಗಾಳಿ ಹೋಗಲೆಂದು ಕಾದು, ಮೊದಲು ಕಂದೀಲು ಇಳಿಸಿ, ಅದು ಆರದಿದ್ದರೆ ಸೊಸೆಯನ್ನು ಇಳಿಸುವುದು. "ಕಂದೀಲಿಗೆ ನನಗಿಂತ ಮರ್ಯಾದಿ ಹೆಚ್ಚಿತ್ತು, ಅದನ್ನ ಮದಲ ಕೇಳತಿದ್ರು," ಎಂದು ಅವಳು ಆಗೀಗ ನಗುತ್ತ ಹೇಳುವುದಿತ್ತು. ಆಮೇಲೆ ಚೀಲಗಳ ಕಾಲ ಬಂತು. ಅತ್ತೆ ಹಗೇವಿನ ಬಾಯಿಗೆ ಚಪ್ಪಡಿ ಎಳೆಸಿ, ಮೇಲೆ ಮಣ್ಣು ಹರಡಿಸಿದರು. ಒಳಗೆ ಏನನ್ನೂ ತುಂಬಿಸಲಿಲ್ಲ. ಹುಲ್ಲು ಬೆಳೆಯಿತು. ಈಗ ಅದು ಅಲ್ಲಿದೆ ಎಂದು ಬಲ್ಲವರು ಇಬ್ಬರೇ, ಅವಳು ಮತ್ತು ಅವಳ ಗಂಡ ವೈಜನಾಥ.

ಇಬ್ಬರೆಂದರೆ ಯಾವ ಹೊತ್ತಿಗಾದರೂ ಇಡೀ ಊರು. ಏಕೆಂದರೆ ವೈಜನಾಥ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಜೀವಮಾನವೆಲ್ಲ ಮುಂದಿನ ಊರಿನ ಹೆಸರನ್ನು ಮೊದಲೇ ಕೂಗಿ ಹೇಳಿದ ಬಾಯಿ ಅದು, ಯಾವ ಸಂಗತಿಯನ್ನೂ ಒಳಗೆ ಇಟ್ಟುಕೊಂಡು ಅಭ್ಯಾಸವಿರಲಿಲ್ಲ. ಅದಕ್ಕೇ ಪರೀಕ್ಷೆಯ ದಿನ ರುಕ್ಮಿಣಿಬಾಯಿ ಅವನನ್ನು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿ ಹುಮನಾಬಾದಿಗೆ, ಅವನ ತಂಗಿ ವಿದ್ಯಾವತಿಯ ಮನೆಗೆ ಕಳಿಸಿದಳು. ತಂಗಿಗೆ ಉಪ್ಪಿನಕಾಯಿ ಕೊಟ್ಟು ಸಂಜೆಯ ತನಕ ಕೂತು ಬಾ, ಹಗೇವಿನ ಸುದ್ದಿ ಎತ್ತಿದರೆ ನನ್ನಾಣೆ ಎಂದು ಹೇಳಿದಳು. ಅವನು ಬಸ್ಸಿನ ಕಿಟಕಿಯಿಂದ, ಇಷ್ಟು ದೊಡ್ಡ ಮಾತು ಹೊತ್ತುಕೊಂಡು ಹುಮನಾಬಾದಿನ ತನಕ ಹ್ಯಾಗೆ ಹೋಗಲಿ ಎಂಬಂತೆ ನೋಡಿದ.

ಅವನನ್ನು ಕಳಿಸಿ ಬಂದವಳೇ ಹಿತ್ತಲಿಗೆ ಸಗಣಿನೀರು ಚಿಮುಕಿಸಿದಳು. ಮೂರನೆಯ ಗುರುತು ಅಳಿಸಿಹೋಯಿತು. ಎರಡು ಮಾರು ಆಚೆ, ಕಂಪೌಂಡಿನ ಗೋಡೆಯ ಕಡೆಗೆ ಹೊಸ ಗುರುತು ಹಾಕಿದಳು. ರೂಪಾಲಿಯ ಗುರುತಿನಂತೆಯೇ ಒಂದು ದುಂಡು, ಒಳಗೆ ಎರಡು ಅಡ್ಡಗೆರೆ. ಆದರೆ ಮುಗಿಸಿ ಏಳುವ ಹೊತ್ತಿಗೆ ಕೈ ಸುಮ್ಮನಿರದೆ ಗೆರೆಗಳ ನಡುವೆ ಚುಕ್ಕಿ ಇಟ್ಟುಬಿಟ್ಟಿತ್ತು, ದುಂಡಿನ ಸುತ್ತ ಸಣ್ಣ ಎಸಳುಗಳೂ ಬಂದಿದ್ದವು. ಅಳಿಸಲು ಮನಸ್ಸಾಗಲಿಲ್ಲ. ಚೆಂದ ಬಂದಿತ್ತು. ಹಗೇವಿನ ಮೇಲೆ ಯಾರೂ ಸುಳಿಯಬಾರದೆಂದು ಅಲ್ಲಿ ತನ್ನ ಎಮ್ಮೆಯನ್ನು ಕಟ್ಟಿದಳು. ಅದು ಪ್ಯಾಂಟು ತೊಟ್ಟವರನ್ನು ಕಂಡರೆ ಆಗದ ಎಮ್ಮೆ.

ಅಷ್ಟರಲ್ಲಿ ಟೆಂಪೋ ಬಂತು. ಕೆಲಸಗಾರರ ಮುಖ್ಯಸ್ಥ ಮುಜಾಫರ್, ನರೆತ ಗಡ್ಡದ ಮೃದು ಮನುಷ್ಯ, ಮೂರು ಕಬ್ಬಿಣದ ಕಾಲುಗಳನ್ನು ನಿಲ್ಲಿಸಿ, ತುದಿಗೆ ರಾಟೆ ಕಟ್ಟಿ, ಹಗ್ಗದಲ್ಲಿ ಭಾರದ ಗುಂಡನ್ನು ತೂಗಿಬಿಟ್ಟ. ಹಗ್ಗ ಎಳೆದು ಗುಂಡನ್ನು ಎತ್ತಿ ಬಿಡುವುದು, ಅದು ಪೈಪಿನ ತಲೆಗೆ ಬೀಳುವುದು, ಪೈಪು ಗೇಣಷ್ಟು ಇಳಿಯಲು ಎಷ್ಟು ಪೆಟ್ಟು ತಿಂದಿತೆಂದು ಎಣಿಸುವುದು. ಸುಲಭವಾಗಿ ಇಳಿದರೆ ನೆಲ ಮೆತ್ತಗೆ, ಹಟ ಹಿಡಿದರೆ ಗಟ್ಟಿ. ಇಷ್ಟೇ ಕೆಲಸ.

ಶುರುಮಾಡುವ ಮೊದಲು ಅವನು ಎಲ್ಲ ಕಡೆ ಕೇಳುವ ಮಾತನ್ನು ಇಲ್ಲಿಯೂ ಕೇಳಿದ.

"ಅಕ್ಕಾರ, ಈ ಜಾಗದಾಗ ಹಳೇ ಬಾವಿ, ತಗ್ಗು, ಹಗೇವು ಏನರ ಇತ್ತೇನ್ರಿ?"

ರುಕ್ಮಿಣಿಬಾಯಿ ಎಮ್ಮೆಯ ಕಡೆ ನೋಡದಿರಲು ಬಹಳ ಕಷ್ಟಪಟ್ಟಳು. "ನಾ ನಡಿಲಿಕ್ಕೆ ಬಂದಾಗಿಂದ ಈ ಹಿತ್ತಲ ಹೀಂಗ ಅದ ನೋಡ್ರಿ," ಎಂದಳು. ಸುಳ್ಳಲ್ಲ. ಅವಳು ಸೊಸೆಯಾಗಿ ನಡೆಯಲು ಬಂದಾಗಲೂ ಹಗೇವು ಅಲ್ಲಿಯೇ ಇತ್ತು.

ಗೋಡೆಯಾಚೆಯಿಂದ ಪಕ್ಕದ ಮನೆಯ ಜಿಜಾಬಾಯಿ ತಲೆ ಎತ್ತಿ, ಅವರ ಹಿತ್ತಲಿನಲ್ಲಿ ಏನಿತ್ತೋ ಗೊತ್ತಿಲ್ಲ, ನಮ್ಮ ಹಿತ್ತಲಿನಲ್ಲಿ ಮಾತ್ರ ರಾಜರ ಆನೆ ಕಟ್ಟುತ್ತಿದ್ದರು, ಇಲ್ಲಿಂದ ಕೋಟೆಗೆ ಸುರಂಗವಿತ್ತು, ರಾಣಿಯರು ಅದರಲ್ಲೇ ಓಡಾಡುತ್ತಿದ್ದರು ಎಂದು ತಿಳಿಸಿದಳು. ಮುಜಾಫರ್ ವಿನಯದಿಂದ ಕೇಳಿಸಿಕೊಂಡ. ಬಸವಕಲ್ಯಾಣದಲ್ಲಿ ಅವನು ಎಲ್ಲಿ ಗುಂಡು ಎತ್ತಿದರೂ ಆನೆಯ ಲಾಯ, ಸುರಂಗ, ಹೊನ್ನಿನ ಕೊಪ್ಪರಿಗೆ ತಪ್ಪದೆ ಬರುತ್ತಿದ್ದವು. ಏನೂ ಇರಲಿಲ್ಲ ಎಂದ ಮನೆಯನ್ನು ಅವನು ಕಂಡದ್ದು ಇದೇ ಮೊದಲು. ಹಾಗಾಗಿ ಅವನಿಗೆ ರುಕ್ಮಿಣಿಬಾಯಿಯ ಮೇಲೆ ಬಹಳ ಗೌರವ ಹುಟ್ಟಿತು.

ಎಸಳಿನ ಗುರುತನ್ನು ಕಂಡೂ ಅವನಿಗೆ ಸಂಶಯ ಬರಲಿಲ್ಲ. ತೂತು ಕೊರೆಯುವ ಜಾಗಕ್ಕೆ ಕುಂಕುಮ, ನಿಂಬೆಹಣ್ಣು, ಕೆಲವು ಕಡೆ ಫಾತೆಹಾ ಓದಿಸಿ ಸಕ್ಕರೆ ಹಂಚುವುದು, ಇವೆಲ್ಲ ಇಲ್ಲಿ ನಡೆಯುವಂಥವೇ. ಯಾರು ಯಾವ ರೀತಿಯಲ್ಲಿ ನೆಲದ ಅಪ್ಪಣೆ ಕೇಳಿದರೂ ಒಳ್ಳೆಯದೇ ಎಂಬುದು ಅವನ ಮತ. "ಗುರ್ತು ಹೂವಿನಂಗ ಅದ," ಎಂದು ಮೆಚ್ಚಿ, ಅದರ ನಟ್ಟನಡುವೆ ಪೈಪು ನಿಲ್ಲಿಸಿದ.

ಮಧ್ಯಾಹ್ನ ಮುಜಾಫರನೂ ಅವನ ಆಳುಗಳೂ ಊಟಕ್ಕೆ ಕೂತಾಗ ರುಕ್ಮಿಣಿಬಾಯಿಯ ತಪ್ಪಿನ ಅರಿವು ಬಡಿಸುವ ಸೌಟಿಗೆ ಇಳಿಯಿತು. ಒಂದು ರೊಟ್ಟಿ ಬೇಡವೆಂದರೆ ಎರಡು ಹಾಕಿದಳು. ಎಣ್ಣೆಗಾಯಿ ಬದನೆ ಮುಗಿಯುವಂತಿಲ್ಲ, ಮೊಸರು ಮುಗಿಯುವಂತಿಲ್ಲ. ಅವಳು ಸುತ್ತಿ ಬಳಸಿ, ಯಾರೋ ದೂರದವರ ಸುದ್ದಿಯೆಂಬಂತೆ ಕೇಳಿದಳು.

"ಅಲ್ರಿ ಭಾಯ್, ಮತ್ತ ಬ್ಯಾರೆ ಎಲ್ಲರ ನೆಲದಾಗ ಪೊಳ್ಳ ಸಿಕ್ತಂದ್ರ ಏನ್ ಮಾಡ್ತೀರಿ?"

"ಸಿಕ್ಕಿತ್ತಲ್ರಿ, ಹುಮನಾಬಾದದಾಗ, ಒಬ್ಬರ ಅಂಗಡಿ ಹಿಂದ. ಪೈಪ್ ಗಪ್ಪಂತ ಇಳೀತು. ಮೇಡಂನೋರು ನಿಂತ ಕಾಲ ಮ್ಯಾಲೆ ಕೆಲಸ ಬಂದ್ ಮಾಡಸಿದ್ರು. ಆಮ್ಯಾಲ…"

ಆಮೇಲೆ ಏನಾಯಿತೆಂದು ಹೇಳುವಷ್ಟರಲ್ಲಿ ಹಸಿಮೆಣಸಿನಕಾಯಿ ಅವನ ನೆತ್ತಿಗೇರಿತು. ಕೆಮ್ಮಿದ, ನೀರು ಕುಡಿದ, ಕಣ್ಣು ಒರೆಸಿಕೊಂಡ, ಮಾತು ಎಲ್ಲಿತ್ತೆಂಬುದನ್ನೇ ಮರೆತ. ರುಕ್ಮಿಣಿಬಾಯಿಗೆ 'ಬಂದ್' ಒಂದೇ ಸಾಕಾಯಿತು. ಇನ್ನೊಂದು ರೊಟ್ಟಿ ಹಾಕಿದಳು. ಊಟವಾದ ಮೇಲೆ ಆ ಮನುಷ್ಯರು ಗುಂಡು ಎತ್ತುವುದಕ್ಕೆ ಬಗ್ಗಲಾರದೆ ಬಗ್ಗಿದರು. ಪೆಟ್ಟಿಗೂ ಪೆಟ್ಟಿಗೂ ನಡುವೆ ಒಂದೊಂದು ತೇಗು ಬರತೊಡಗಿತು.

ಬಿಸಿಲು ಇಳಿಯುವ ಹೊತ್ತಿಗೆ ರೂಪಾಲಿ ಬಂದಳು. ಅವಳ ಹಿಂದೆಯೇ ವೈಜನಾಥ ಬಂದ. ಗಲ್ಲದ ಕೆಳಗಿನಿಂದ ನೆತ್ತಿಯ ತನಕ ಟವೆಲ್ಲು ಬಿಗಿದು ಕಟ್ಟಿಕೊಂಡಿದ್ದ. ಹುಮನಾಬಾದಿನಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತಿದ್ದರು, ಒಂದೇ ಸೀಟಿನಲ್ಲಿ ಕೂತಿದ್ದರು. ಪಾಪ, ನಿಮ್ಮ ಯಜಮಾನರಿಗೆ ಹಲ್ಲುನೋವು ಬಹಳ ಇದ್ದಂತಿದೆ, ದಾರಿಯುದ್ದಕ್ಕೂ ಒಂದು ಮಾತು ಆಡಲಿಲ್ಲ, ನಾನು ಲವಂಗ ಕೊಟ್ಟೆ ಎಂದು ರೂಪಾಲಿ ಮರುಗಿದಳು. ರುಕ್ಮಿಣಿಬಾಯಿ ಗಂಡನ ಮುಖ ನೋಡಿದಳು. ನಲವತ್ತು ವರ್ಷದ ದಾಂಪತ್ಯದಲ್ಲಿ ಅವನು ಅವಳಿಗಾಗಿ ಮಾಡಿದ ಅತಿ ದೊಡ್ಡ ತ್ಯಾಗ ಆ ಟವೆಲ್ಲಿನೊಳಗೆ ಇತ್ತು. ಅವನ ಕಣ್ಣು ಹೊರಗೆ ಬರುವಂತಿದ್ದವು.

ಮುಜಾಫರನ ಲೆಕ್ಕ ನೋಡುತ್ತ ನೋಡುತ್ತ ರೂಪಾಲಿಯ ಮುಖ ಅರಳಿತು. ಖಾನಾವಳಿಯ ಮೇಜಿನ ಮೇಲೆ ನಕ್ಷೆ ಹರಡಿದಳು.

"ಅವ್ವಾರ, ಮದಲನೇದು ಎರಡನೇದು ಛಲೋ ಅವ. ಮೂರನೇದು ಮಾತ್ರ ಫಸ್ಟ್ ಕ್ಲಾಸ್ ನೋಡ್ರಿ. ಸ್ವಲ್ಪ ಕೆಳಗನ ಕೆಂಪು ಮುರುಮು, ಅದರ ಕೆಳಗ ಕಲ್ಲು. ಪೈಪ್ ಇಳಿಯಾಕನ ಒಪ್ಪಿಲ್ಲ."

ರುಕ್ಮಿಣಿಬಾಯಿಯ ಎದೆಯಿಂದ ಕಲ್ಲು ಇಳಿಯಿತು. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು, ಸಕ್ಕರೆಯನ್ನು ಎರಡು ಸಲ ಹಾಕಿದಳು. ಹಿತ್ತಲು ಪಾಸಾಗಿತ್ತು. ಗೋರ್ಟಾದ ಹೆಂಗಸರು ಕಾಲು ಚಾಚಿ ಕೂತದ್ದು, ಅವರಲ್ಲೊಬ್ಬಳು ಕೂಸಿಗೆ ಹಾಲು ಕುಡಿಸುತ್ತ ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿದದ್ದು, ಎಲ್ಲವೂ ಅವಳ ಕಣ್ಣಿಗೆ ಕಟ್ಟಿತು.

ರೂಪಾಲಿ ಮುಂದುವರಿದಳು. ಲ್ಯಾಬಿನ ವರದಿ ಇನ್ನೂ ಬರಬೇಕು, ಆದರೂ ಆ ಮೂಲೆಯ ನೆಲ ಅಷ್ಟು ಗಟ್ಟಿ ಇರುವಾಗ ಅದನ್ನು ಬಿಡಬಾರದು. ಕಟ್ಟಡದ ಎಲ್ಲಕ್ಕಿಂತ ಭಾರದ ಕಂಬ ಅಲ್ಲಿಯೇ ನಿಲ್ಲಲಿ. ಮೇಲಿನ ನೀರಿನ ಟಾಕಿ ಆ ಕಂಬದ ಮೇಲೆ ಬರಲಿ. ಹೀಗೆನ್ನುತ್ತ ಅವಳು ಬೆರಳು ಇಟ್ಟದ್ದು ನಕ್ಷೆಯ ಮೇಲಿನ ಮೂರನೆಯ ಗುರುತಿನ ಮೇಲೆ. ನಕ್ಷೆಯಲ್ಲಿ ಅದು ಎಲ್ಲಿಗೂ ಸರಿದಿರಲಿಲ್ಲ. ಅದು ಹಗೇವಿನ ಬಾಯಿಯ ಮೇಲೆಯೇ ಇತ್ತು.

"ಟಾಕಿ ಕೆಳಗ ಏನ್ ಬರ್ತದ್ರಿ?" ರುಕ್ಮಿಣಿಬಾಯಿ ಕೇಳಿದಳು.

"ನಿಮ್ಮ ಹೆಂಗಸರ ಪಂಕ್ತಿ, ಮತ್ತೇನು? ತಂಪ ಇರ್ತದ."

ಚಹಾ ಉಕ್ಕಿ ಒಲೆ ಆರಿತು. ಯಾರೂ ಅದನ್ನು ನೋಡಲಿಲ್ಲ.

ಅಲ್ಲಿಂದ ಮುಂದೆ ನಡೆದಂಥ ಚೌಕಾಶಿಯನ್ನು ಆ ಮೇಜು ಎಂದೂ ಕಂಡಿರಲಿಲ್ಲ. ರುಕ್ಮಿಣಿಬಾಯಿ ಬದನೆಕಾಯಿಯ ಬೆಲೆ ಇಳಿಸುವವಳಂತೆ ತನ್ನ ನೆಲದ ಗಟ್ಟಿತನವನ್ನು ಇಳಿಸತೊಡಗಿದಳು.

"ಫಸ್ಟ್ ಕ್ಲಾಸ್ ಅಂತ ಯಾಕ ಬರೀತೀರಿ ಮೇಡಂ? ನಮಗ ಪಾಸಾದ್ರ ಸಾಕ್ರಿ. ಜರಾ ಕಮ್ಮಿ ಮಾಡ್ರಿ."

ರೂಪಾಲಿ ನಕ್ಕಳು. ಇದ್ದದ್ದನ್ನು ಬರೆಯುವುದು ತನ್ನ ಕೆಲಸ, ಕಡಿಮೆ ಮಾಡಲು ಬರುವುದಿಲ್ಲ ಎಂದಳು. ಹಾಗಾದರೆ ಟಾಕಿಯೇ ಬೇಡ ಎಂದಳು ರುಕ್ಮಿಣಿಬಾಯಿ. ಮೇಲಿನ ಖೋಲಿಗಳಿಗೆ ನೀರು ಎಲ್ಲಿಂದ? ಕೊಡದಲ್ಲಿ ಹೊರುತ್ತೇವೆ. ಮೆಟ್ಟಿಲ ಮೇಲೆ ಕೊಡ ಹೊತ್ತು ಯಾರು ಹತ್ತುತ್ತಾರೆ? ಖೋಲಿಗಳೇ ಬೇಡ. ಮಾಳಿಗೆ ಬೇಡ, ಮೆಟ್ಟಿಲು ಬೇಡ. ಕಾಂಕ್ರೀಟಿನ ಛಾವಣಿಯಾದರೂ ಏಕೆ, ತಗಡು ಹೊದಿಸಿದರಾಯಿತು. ಆ ಮೂಲೆಯಲ್ಲಿ ಗೋಡೆಯಾದರೂ ಏಕೆ, ಗಾಳಿ ಬರಲಿ. ಮಾತು ಮಾತಿಗೂ ಒಂದೊಂದು ಕಲ್ಲು ಕಿತ್ತು, ಚಹಾ ಆರುವ ಮೊದಲು ಅವಳು ಅಷ್ಟು ವರ್ಷ ಕನಸಿನಲ್ಲಿ ಕಟ್ಟಿದ್ದನ್ನೆಲ್ಲ ಕೆಡವಿದಳು. ಪ್ರತಿ ಮಾತಿಗೂ ವೈಜನಾಥ ಟವೆಲ್ಲಿನೊಳಗಿಂದ ಹ್ಞೂಂ ಎಂದು ತಲೆಯಾಡಿಸುತ್ತಿದ್ದ.

ಕೊನೆಗೆ ರೂಪಾಲಿ ಪೆನ್ನು ಕೆಳಗಿಟ್ಟಳು. "ಅವ್ವಾರ, ಹಿಂಗಾದ್ರ ಉಳಿಯೂದು ಒಂದು ಚಪ್ಪರ ರೀ. ಅದಕ್ಕ ನಾ ಯಾಕ, ಮುಜಾಫರ್ ಭಾಯ್ ಯಾಕ? ಇಂಥಾ ನೆಲ ಇಟ್ಕೊಂಡು ಯಾಕ ಅಂಜಾಕತ್ತೀರಿ? ಅದರ ಮ್ಯಾಲೆ ಆನಿ ನಿಂತ್ರೂ ಹೊರ್ತದ. ನಾ ಹೇಳ್ತೇನಲ್ಲ, ಕಣ್ಣು ಮುಚ್ಚಿ ಕಟ್ಟಸ್ರಿ."

ಆ ಹುಡುಗಿಯ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ರುಕ್ಮಿಣಿಬಾಯಿಯನ್ನು ಮುರಿದದ್ದು ಅದು. ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದದ್ದೇ ಬೇರೆ. ಪಂಕ್ತಿ ತುಂಬ ಹೆಂಗಸರು, ಬಾಯಲ್ಲಿ ತುತ್ತು, ಮೇಲೆ ನೀರು ತುಂಬಿದ ಟಾಕಿ, ಕೆಳಗೆ ಬಾಯಿ ತೆರೆದ ಕತ್ತಲು. ಅವಳು ಆ ಕತ್ತಲೊಳಗೆ ಇಳಿದವಳು. ಅಲ್ಲಿ ಕೂಗಿದರೆ ದನಿ ಮೇಲೆ ಬರುವುದಿಲ್ಲ ಎಂದು ಬಲ್ಲವಳು. ಗೋಡೆಗೆ ಮುಖ ಮಾಡಿ ಉಂಡರೂ ಉಂಡವರು ಬದುಕಿ ಮನೆಗೆ ಹೋಗುತ್ತಾರೆ.

"ಅಲ್ಲಿ ಹಗೇವದ," ಎಂದಳು.

ರೂಪಾಲಿಗೆ ಮೊದಲು ತಿಳಿಯಲಿಲ್ಲ. ಎಲ್ಲಿ ಎಂದು ಕೇಳಿದಳು.

"ನಿಮ್ಮ ಬೆರಳಿನ ಕೆಳಗ. ಗುರ್ತು ನಾ ಸರಸೀನಿ ರೀ. ಗುಂಡು ಬಡದಿದ್ದು ಎರಡು ಮಾರು ಆಚಿ. ಹಗೇವಿನ ಮ್ಯಾಲೆ ಎಮ್ಮಿ ಕಟ್ಟೀನಿ."

ವೈಜನಾಥ ನಿಧಾನವಾಗಿ ಟವೆಲ್ಲು ಬಿಚ್ಚಿದ. ನಿಲ್ದಾಣ ಬಂದ ಮೇಲೆ ಬಾಗಿಲು ತೆರೆದ ಬಸ್ಸಿನಂತೆ ಅವನ ಬಾಯಿಂದ ಎಲ್ಲವೂ ಒಟ್ಟಿಗೆ ಇಳಿಯಿತು. ಹಗೇವು ತೋಡಿಸಿದ್ದು ತನ್ನ ಅಜ್ಜ, ಚಪ್ಪಡಿ ಎಳೆದವರಲ್ಲಿ ತಾನೂ ಒಬ್ಬ, ಒಳಗೆ ಒಂದು ತಾಮ್ರದ ತಂಬಿಗೆ ಬಿದ್ದದ್ದು ಇನ್ನೂ ಅಲ್ಲಿಯೇ ಇದೆ, ತನಗೆ ಹಲ್ಲುನೋವು ಇಲ್ಲ, ಲವಂಗ ಮಾತ್ರ ಚೆನ್ನಾಗಿತ್ತು.

ರೂಪಾಲಿಯ ಮುಖ ಕೆಂಪಾಯಿತು. ಮೊದಲು ಮುಜಾಫರನ ಕಡೆ ತಿರುಗಿ, ಗೋಡೆಯಿಂದ ಅಳತೆ ನೋಡಿಕೊಳ್ಳದೆ ಪೈಪು ಹ್ಯಾಗೆ ಇಳಿಸಿದಿರಿ ಎಂದು ಕೇಳಿದಳು. ಅವನು ತಲೆ ತಗ್ಗಿಸಿ, ಗುರುತು ಇತ್ತು ಮೇಡಂ, ಹೂವಿನಂತಿತ್ತು ಎಂದ. ಆಮೇಲೆ ಅವಳು ರುಕ್ಮಿಣಿಬಾಯಿಯ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ತಾನು ಆ ಟಾಕಿಯನ್ನು ಹಗೇವಿನ ಮೇಲೆ ನಿಲ್ಲಿಸಿ, ಕೆಳಗೆ ತನ್ನ ಹೆಸರು ಬರೆದು ಸಹಿ ಮಾಡಿಬಿಡುತ್ತಿದ್ದೆ ಎಂದಳು. ರುಕ್ಮಿಣಿಬಾಯಿ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಬೈಸಿಕೊಳ್ಳುವುದರಲ್ಲಿ ಒಂದು ಬಗೆಯ ತಂಪು ಇತ್ತು. ಕೇಳಬೇಕಾದದ್ದು ಒಂದೇ ಉಳಿದಿತ್ತು.

"ಹಂಗಾದ್ರ ಫೇಲಾತೇನ್ರಿ?"

"ಯಾವುದು?"

"ನನ್ನ ನೆಲ."

ರೂಪಾಲಿ ಆ ಮುದುಕಿಯ ಮುಖವನ್ನೇ ನೋಡಿದಳು. ಹಿಟ್ಟು ಹತ್ತಿದ ಹಣೆ, ಒಡೆದ ಅಂಚಿನ ರೊಟ್ಟಿಯಂತೆ ನಡುಗುವ ತುಟಿ. ಅವಳ ಸಿಟ್ಟಿಗೆ ನಿಲ್ಲಲು ಅಲ್ಲಿ ಗಟ್ಟಿ ಜಾಗ ಸಿಗಲಿಲ್ಲ.

"ನೆಲ ಎಲ್ಲರ ಫೇಲಾಗ್ತದೇನ್ರಿ ಅವ್ವಾರ? ಅದು ಹ್ಯಾಂಗದ ಅಂತ ತಿಳ್ಕೊಂಡು ಅದಕ್ಕ ತಕ್ಕಂಗ ಪಾಯ ಹಾಕೂದು ನಮ್ಮ ಕೆಲಸ. ಮುಜಾಫರ್ ಭಾಯ್ ಹೇಳಿರಬೇಕಲ್ಲ, ಹುಮನಾಬಾದದಾಗೂ ಸಿಕ್ಕಿತ್ತು. ಬಾಯಿ ತಗದು, ಒಳಗಿನ ಗಾಳಿ ಹೋಗಗೊಟ್ಟು, ತಳದಿಂದ ಕಲ್ಲು ಕಾಂಕ್ರೀಟ್ ತುಂಬಿಸಿದ್ವಿ. ಈಗ ಅದರ ಮ್ಯಾಲೆ ಮೂರು ಮಾಳಿಗಿ ನಿಂತದ. ನಿಮ್ಮ ಪಡಸಾಲಿನೂ ಆಗ್ತದ. ಆದ್ರ…"

ಆ 'ಆದ್ರ'ದ ಹಿಂದೆ ಬಹಳ ಇತ್ತು. ಮೂರನೆಯ ಜಾಗದಲ್ಲಿ ಮತ್ತೆ ಕೊರೆಯಬೇಕು, ಸುತ್ತಮುತ್ತ ಇನ್ನೂ ಹಗೇವುಗಳಿವೆಯೇ ನೋಡಬೇಕು, ತುಂಬಿಸುವುದೋ ಕಂಬ ಸರಿಸುವುದೋ ಆಮೇಲೆ ನಿರ್ಧರಿಸಬೇಕು, ವರದಿ ಬರುವ ತನಕ ಯಾರೂ ಹಾರೆ ಮುಟ್ಟಬಾರದು. ರೂಪಾಲಿ ನಕ್ಷೆಯ ಮೇಲೆ ಬಗ್ಗಿ, ಇದನ್ನೆಲ್ಲ ಒಂದೊಂದಾಗಿ, ಬಹಳ ಸಾವಧಾನದಿಂದ ಹೇಳತೊಡಗಿದಳು. ಕಂಬವನ್ನು ಎಡಕ್ಕೆ ಎಷ್ಟು ಸರಿಸಬಹುದೆಂದು ಕೇಳಿಕೊಂಡು ತಾನೇ ಉತ್ತರ ಕೊಟ್ಟಳು. ಗೋಡೆಯಾಚೆಯಿಂದ ಜಿಜಾಬಾಯಿ, ನಾನು ಮೊದಲೇ ಸುರಂಗ ಇದೆ ಅಂದಿರಲಿಲ್ಲವೇ ಎಂದು ಕೇಳುತ್ತಿದ್ದಳು. ವೈಜನಾಥ ಮುಜಾಫರನಿಗೆ ತಂಬಿಗೆಯ ಕಥೆಯನ್ನು ಎರಡನೆಯ ಸಲ ಶುರುಮಾಡಿದ್ದ.

"ತಿಳೀತಲ್ರಿ ಅವ್ವಾರ?" ಎಂದು ರೂಪಾಲಿ ತಲೆ ಎತ್ತಿದಾಗ ಎದುರಿನ ಕುರ್ಚಿ ಖಾಲಿಯಿತ್ತು. ರುಕ್ಮಿಣಿಬಾಯಿ 'ಆಗ್ತದ' ಎಂಬುದನ್ನು ಕೇಳಿದವಳೇ ಎದ್ದಿದ್ದಳು. ಸೆರಗು ಸೊಂಟಕ್ಕೆ ಸಿಗಿಸಿ, ಹಿತ್ತಲ ಬಾಗಿಲಿನ ಹಿಂದಿನ ಹಾರೆಯನ್ನು ಹೆಗಲಿಗೆ ಹಾಕಿಕೊಂಡು, ಇಳಿಬಿಸಿಲಿನಲ್ಲಿ, ಎಮ್ಮೆ ಮಲಗಿದ್ದ ಮೂಲೆಯ ಕಡೆಗೆ ಆಗಲೇ ಅರ್ಧ ದಾರಿ ನಡೆದಿದ್ದಳು.